ಡಂಪಿಂಗ್ ನೋಟಿಸ್ ಬಂದಿದೆ, ಏನು ಮಾಡೋದು? ವಕೀಲರನ್ನು ಕೇಳಿ

ಅಡ್ಮಿನ್: ನಮ್ಮ ದೇಶದೊಳಗಿನ ಬೆಲೆಗಿಂತ ಕಡಿಮೆಗೆ ಹೊರದೇಶಕ್ಕೆ ಮಾರುವುದೇ ಡಂಪಿಂಗ್. ಅದರಿಂದ ಅಲ್ಲಿನ ಉದ್ಯಮಕ್ಕೆ ಹಾನಿಯಾಗಿದೆ ಎಂದು ತನಿಖೆಯಲ್ಲಿ ಕಂಡರೆ ಆ ದೇಶ ನಮ್ಮ ಮಾಲಿನ ಮೇಲೆ ಹೆಚ್ಚುವರಿ ಸುಂಕ ಹಾಕಬಹುದು. ಹೊರದೇಶಗಳ ಇಂಥ ಆ್ಯಂಟಿ ಡಂಪಿಂಗ್ ತನಿಖೆಗಳಲ್ಲಿ ರಫ್ತುದಾರರ ಪರ ಕೆಲಸ ಮಾಡುವ ವಕೀಲರು ಇವತ್ತು ಗ್ರೂಪಿನಲ್ಲಿದ್ದಾರೆ. ಕೇಳುವ ಮೊದಲು ಮೇಲಿನ ಉತ್ತರ ಓದಿ.

ಪೇಪರ್ ರಫ್ತು: ನಮಸ್ತೆ ಮೇಡಂ. ಆ ದೇಶದ ತನಿಖಾಧಿಕಾರಿಗಳಿಂದ ಪ್ರಶ್ನಾವಳಿ ಬಂದಿದೆ. ಉತ್ತರಕ್ಕೆ ಎಷ್ಟು ದಿನ?

ವಕೀಲರು: ನಮಸ್ತೆ. ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಒಪ್ಪಂದದ ಪ್ರಕಾರ ಕನಿಷ್ಠ 30 ದಿನ. ಅವರು ಕಳಿಸಿ ಒಂದು ವಾರವಾದರೆ ನಿಮ್ಮ ಕೈ ಸೇರಿದೆ ಎಂದೇ ಲೆಕ್ಕ. ಹೆಚ್ಚು ಸಮಯ ಬೇಕಾದರೆ ಗಡುವು ಮುಗಿಯುವ ಮೊದಲೇ ಕಾರಣ ಬರೆದು ಕೇಳಿ.

ಟೈಲ್ಸ್ ಘಟಕ: ನಾವು ಚಿಕ್ಕವರು ಮೇಡಂ. ಶೇ. 3ಕ್ಕಿಂತ ಕಡಿಮೆ ಕಳಿಸುವವರನ್ನು ಬಿಟ್ಟುಬಿಡ್ತಾರಂತೆ. ಸುಮ್ನೆ ಇದ್ದರೆ ಆಗಲ್ವಾ?

ವಕೀಲರು: ಆ ಶೇ. 3 ಅಂದರೆ ಅಲ್ಲಿ ಆಮದಾಗುವ ಆ ಮಾಲಿನಲ್ಲಿ ಪಾಲು. ಅದು ನಿಮ್ಮ ಕಂಪನಿಯದ್ದಲ್ಲ, ನಮ್ಮ ಇಡೀ ದೇಶದ್ದು. ಅಂಥ ಚಿಕ್ಕ ಪಾಲಿನ ದೇಶಗಳೆಲ್ಲ ಸೇರಿ ಶೇ. 7 ದಾಟಿದರೆ ಆ ರಿಯಾಯಿತಿಯೂ ಇಲ್ಲ. ಸುಮ್ನೆ ಇದ್ದರೆ ಅಧಿಕಾರಿಗಳು ಕೈಗೆ ಸಿಕ್ಕ ಮಾಹಿತಿಯಲ್ಲೇ ಸುಂಕ ಲೆಕ್ಕ ಹಾಕುತ್ತಾರೆ. ಕೈಗೆ ಸಿಗುವುದು ಹೆಚ್ಚಾಗಿ ದೂರು ಕೊಟ್ಟ ಅಲ್ಲಿನ ಉದ್ಯಮದವರು ಬರೆದ ಅಂಕಿ.

ಬೋಲ್ಟ್ ತಯಾರಕ: ನಮ್ಮ ಬೋಲ್ಟ್ ದೇಶದೊಳಗೆ 100ಕ್ಕೆ ಹೋಗುತ್ತದೆ, ಹೊರಗೆ 90ಕ್ಕೆ. ಅಂದರೆ ತಪ್ಪು ನಮ್ಮದೇ ಅಲ್ವಾ? ಉತ್ತರ ಕೊಟ್ಟರೆ ನಾವೇ ಒಪ್ಪಿಕೊಂಡ ಹಾಗಾಗುತ್ತದೆ ಅಂತ ಪಾರ್ಟ್ನರ್ ಹೇಳ್ತಿದ್ದಾರೆ. ಇನ್ನು 9 ದಿನ ಉಳಿದಿದೆ.

ವಕೀಲರು: ಮೊದಲು ಇವತ್ತೇ ಸಮಯ ಕೇಳಿ ಇಮೇಲ್ ಹಾಕಿ. ಆಮೇಲೆ ಇದನ್ನು ಓದಿ.

100 ಮತ್ತು 90 ಇನ್‌ವಾಯ್ಸ್ ಮೇಲಿನ ಬೆಲೆ. ತನಿಖೆಯಲ್ಲಿ ಎರಡನ್ನೂ ಫ್ಯಾಕ್ಟರಿ ಗೇಟಿಗೆ ತಂದು ನಿಲ್ಲಿಸಿ ಹೋಲಿಸಬೇಕು. ಒಳಗಿನ 100ರಲ್ಲಿ ಡೀಲರ್ ಗೋಡೌನ್‌ವರೆಗಿನ ಲಾರಿ ಬಾಡಿಗೆ 6 ಇದೆ ಅಂದುಕೊಳ್ಳಿ. ಸಾಲದ ಮೇಲೆ ಕೊಟ್ಟದ್ದಕ್ಕೆ ಬಡ್ಡಿ 2. ವರ್ಷದ ಕೊನೆಯ ಡಿಸ್ಕೌಂಟ್ 4. ಉಳಿದದ್ದು 88. ಹೊರಗಿನ 90ರಲ್ಲಿ ಬಂದರಿನವರೆಗಿನ ಬಾಡಿಗೆ 3, ಲೋಡಿಂಗ್ ಮತ್ತು ಬ್ಯಾಂಕ್ ಖರ್ಚು 1. ಉಳಿದದ್ದು 86. ಹತ್ತರ ಅಂತರ ಎರಡಕ್ಕೆ ಇಳಿಯಿತು. ಆದರೂ ಇದು ಶೇ. 2.3. ದೇಶದೊಳಗಿನ ಮಾರಾಟಕ್ಕೆ ಏಜೆಂಟರಿಗೆ ಕೊಟ್ಟ ಕಮಿಷನ್ 1 ಎಂದು ಒಂದು ವೋಚರ್ ಸಿಕ್ಕರೆ 87ಕ್ಕೆ 86, ಅಂದರೆ ಶೇ. 1.2ರ ಹತ್ತಿರ. ಶೇ. 2ಕ್ಕಿಂತ ಕೆಳಗೆ ಬಂದರೆ ನಿಮ್ಮ ಮೇಲೆ ಸುಂಕವಿಲ್ಲ. ಒಂದು ವೋಚರ್ ಮೇಲೆ ಕೇಸು ತಿರುಗುತ್ತದೆ.

ನನಗೆ ಚಿಂತೆ ಇರುವುದು ಬೇರೆ ಕಡೆ. ದೇಶದೊಳಗೆ ಅಸಲಿಗಿಂತ ಕಡಿಮೆಗೆ ಮಾರಿದ್ದೀರಾ? ಅಂಥ ಮಾರಾಟ ಒಟ್ಟು ಪ್ರಮಾಣದಲ್ಲಿ ಶೇ. 20 ಮುಟ್ಟಿ, ಬಹಳ ಕಾಲ ನಡೆದಿದ್ದರೆ ಅದನ್ನು ಲೆಕ್ಕದಿಂದ ತೆಗೆದುಹಾಕಬಹುದು. ಆಗ ಉಳಿಯುವುದು ದುಬಾರಿ ಮಾರಾಟ ಮಾತ್ರ. 88 ಇದ್ದದ್ದು 95 ಆದರೂ ಆಗಬಹುದು. ಹೋಲಿಕೆ ಒಂದೊಂದು ಸೈಜಿಗೂ ಬೇರೆ ಇರುತ್ತದೆ, ಹಾಗಾಗಿ ಯಾವ ಸೈಜು ನಷ್ಟದಲ್ಲಿತ್ತು ಎಂದು ಮೊದಲು ನೋಡಿ.

ಬೋಲ್ಟ್ ತಯಾರಕ: ಎರಡು ಸೈಜು ನಷ್ಟದಲ್ಲೇ ಇತ್ತು ಮೇಡಂ. ಆ ಖರ್ಚನ್ನು ಬೇರೆ ಸೈಜಿಗೆ ಹಾಕಿಬಿಟ್ಟರೆ?

ವಕೀಲರು: ಬೇಡ. ಅಧಿಕಾರಿಗಳು ಫ್ಯಾಕ್ಟರಿಗೇ ಬಂದು ಪರಿಶೀಲಿಸುತ್ತಾರೆ. ಒಂದು ಇನ್‌ವಾಯ್ಸ್ ಎತ್ತಿಕೊಂಡು ಲಾರಿ ರಸೀದಿ, ಬ್ಯಾಂಕ್ ಎಂಟ್ರಿ, ಲೆಡ್ಜರ್‌ವರೆಗೂ ಬೆನ್ನು ಹತ್ತುತ್ತಾರೆ. ಕಾಸ್ಟ್ ಶೀಟು ಟ್ರಯಲ್ ಬ್ಯಾಲೆನ್ಸ್‌ಗೆ (ಎಲ್ಲ ಖಾತೆಗಳ ಬಾಕಿ ಪಟ್ಟಿಗೆ) ತಾಳೆಯಾಗದಿದ್ದರೆ ಸರಿಯಾಗಿ ಕೊಟ್ಟ ಅಂಕಿಯನ್ನೂ ನಂಬುವುದಿಲ್ಲ.

ಟೈರ್ ಟ್ರೇಡರ್: ಎಲ್ಲರೂ ಇದನ್ನು ಓದಿ, ಫಾರ್ವರ್ಡ್ ಬಂದದ್ದು: "ಮೂರನೇ ದೇಶದಲ್ಲಿ ಬಾಕ್ಸ್ ಬದಲಿಸಿ ಕಳಿಸಿದರೆ ಸುಂಕ ಬೀಳಲ್ಲ. ಈಗಲೇ ರೇಟ್ ಏರಿಸಿದರೆ ಕೇಸೂ ಬಿದ್ದುಹೋಗುತ್ತದೆ."

ವಕೀಲರು: ಎರಡೂ ಸುಳ್ಳು. ಬಾಕ್ಸ್ ಬದಲಾದರೆ ಮಾಲು ತಯಾರಾದ ದೇಶ ಬದಲಾಗುವುದಿಲ್ಲ. ಸುಳ್ಳು ಮೂಲ ತೋರಿಸಿದರೆ ಅದು ಕಸ್ಟಮ್ಸ್ ವಂಚನೆ, ಆಮದುದಾರನೂ ಸಿಕ್ಕಿಬೀಳುತ್ತಾನೆ. ಲೆಕ್ಕಕ್ಕೆ ಹಿಡಿಯುವುದು ಈಗಾಗಲೇ ಮುಗಿದಿರುವ ಅವಧಿಯ ಬೆಲೆ, ಈಗ ಏರಿಸಿ ಹಳೆಯ ಇನ್‌ವಾಯ್ಸ್ ಬದಲಿಸುತ್ತೀರಾ? ಇಂಥದ್ದನ್ನು ದಯವಿಟ್ಟು ಇಲ್ಲಿ ತಂದು ಸುರಿಯಬೇಡಿ.

ಟೈರ್ ಟ್ರೇಡರ್: ನಾನು ಬರೆದದ್ದಲ್ಲ ಮೇಡಂ, ಬಂದದ್ದನ್ನು ಹಾಕಿದೆ.

ಹೊಸ ರಫ್ತುದಾರ: ತನಿಖೆಯ ಅವಧಿಯಲ್ಲಿ ನಾವು ಆ ದೇಶಕ್ಕೆ ಏನೂ ಕಳಿಸಿರಲಿಲ್ಲ. ನಮಗೂ ಸುಂಕ ಬೀಳುತ್ತಾ?

ಪೇಪರ್ ರಫ್ತು: ಎಷ್ಟು ಸಲ ಬೇಕಾದರೂ ಸಮಯ ಕೇಳಬಹುದಾ ಮೇಡಂ?

ವಕೀಲರು: ಇಲ್ಲ. ಇಡೀ ತನಿಖೆಯೇ ಒಂದು ವರ್ಷದಲ್ಲಿ, ಹೆಚ್ಚೆಂದರೆ 18 ತಿಂಗಳಲ್ಲಿ ಮುಗಿಯಬೇಕು.

ಟೈಲ್ಸ್ ಘಟಕ: ನಮ್ಮ ಸಂಘದವರೇ ವಕೀಲರನ್ನು ಇಟ್ಟಿದ್ದಾರೆ. ನಾವು ಬೇರೆ ಯಾಕೆ ಖರ್ಚು ಮಾಡಬೇಕು?

ಸಂಘದ ಕಾರ್ಯದರ್ಶಿ: ಸಂಘ ಇಟ್ಟಿದೆ, ನಿಜ. ನಿಮ್ಮ ಪಾಲಿನ ಹಣ ಇನ್ನೂ ಬಂದಿಲ್ಲ.

ಟೈಲ್ಸ್ ಘಟಕ: ಅಲ್ಲಿನ ಉದ್ಯಮಕ್ಕೆ ಹಾನಿಯೇ ಆಗಿಲ್ಲ ಎಂದು ನೀವು ಗೆದ್ದರೆ ಕೊಟ್ಟವರಿಗೂ ಕೊಡದವರಿಗೂ ಸುಂಕ ಇರಲ್ಲ. ಮತ್ಯಾಕೆ ಕೊಡಬೇಕು?

ಸಂಘದ ಕಾರ್ಯದರ್ಶಿ: ಇದನ್ನು ಎಲ್ಲರ ಎದುರು ಹೇಳ್ತಿದ್ದೀರಲ್ಲ, ನಾಚಿಕೆ ಬೇಡವಾ?

ಟೈಲ್ಸ್ ಘಟಕ: ಹೋದ ಸಲದ ಲೆಕ್ಕ ಇನ್ನೂ ತೋರಿಸಿಲ್ಲ ನೀವು. ಮೊದಲು ಅದು ಕೊಡಿ.

ಸಂಘದ ಕಾರ್ಯದರ್ಶಿ: ಮೀಟಿಂಗಿಗೆ ಬಂದವರು ನೋಡಿದ್ದಾರೆ.

ವಕೀಲರು: ಜಗಳ ಹೊರಗೆ ಮಾಡಿಕೊಳ್ಳಿ. ಹಾನಿ ಇಲ್ಲ ಅಥವಾ ಹಾನಿಗೆ ಕಾರಣ ನಮ್ಮ ಮಾಲಲ್ಲ ಎಂದು ವಾದಿಸಲು ಸಂಘ ಸಾಕು. ಆ ವಾದ ಸೋತರೆ? ಆಗ ನಿಮ್ಮ ದರ ನಿಲ್ಲುವುದು ನೀವೇ ಕೊಟ್ಟ ಉತ್ತರದ ಮೇಲೆ. ಒಮ್ಮೆ ಬಿದ್ದ ಸುಂಕ ಸಾಮಾನ್ಯವಾಗಿ 5 ವರ್ಷ, ಮರುಪರಿಶೀಲನೆಯಲ್ಲಿ ಇನ್ನೂ ಮುಂದುವರಿಯಬಹುದು.

ಹೊಸ ರಫ್ತುದಾರ: ಮೇಡಂ, ನನ್ನ ಪ್ರಶ್ನೆ ಮೇಲಿದೆ.

ಅಕೌಂಟೆಂಟ್: ಬೆಲೆ ಏರಿಸ್ತೇವೆ ಅಂತ ಬರೆದುಕೊಟ್ಟು ಸುಂಕ ತಪ್ಪಿಸಬಹುದಾ?

ವಕೀಲರು: ಪ್ರಾಥಮಿಕ ತೀರ್ಮಾನ ನಿಮ್ಮ ವಿರುದ್ಧ ಬಂದ ಮೇಲೆ ಆ ಪ್ರಸ್ತಾವ ಕೊಡಬಹುದು. ಒಪ್ಪಲೇಬೇಕು ಎಂದೇನೂ ಇಲ್ಲ.

ಸೆಮಿಕಂಡಕ್ಟರ್ ಬಿಡಿಭಾಗ: ಉತ್ತರ ಕೊಡೋಕೆ ಎಷ್ಟು ದಿನ ಇರುತ್ತೆ?

ವಕೀಲರು: ಮೊದಲನೇ ಉತ್ತರ.

ಬೋಲ್ಟ್ ತಯಾರಕ: ಸಮಯ ಕೇಳಿ ಇಮೇಲ್ ಹಾಕಿದೆ ಮೇಡಂ. ಕಮಿಷನ್ ವೋಚರ್ ಸಿಕ್ಕಿತು. ಆದರೆ ವರ್ಷದ ಕೊನೆಯ ಡಿಸ್ಕೌಂಟಿನ ಕ್ರೆಡಿಟ್ ನೋಟುಗಳೆಲ್ಲ ತನಿಖಾ ಅವಧಿ ಮುಗಿದ ಮೇಲಿನ ದಿನಾಂಕದವು.

ವಕೀಲರು: ಡಿಸ್ಕೌಂಟ್ ಸ್ಕೀಮಿನ ಸುತ್ತೋಲೆ ಡೀಲರುಗಳಿಗೆ ಯಾವಾಗ ಹೋಗಿತ್ತು? ಅದಕ್ಕೂ ಹಿಂದಿನ ವರ್ಷ ಕೊಟ್ಟಿದ್ರಾ?

ಬೋಲ್ಟ್ ತಯಾರಕ: ಕೊಟ್ಟಿದ್ವಿ. ಸುತ್ತೋಲೆ ಹಳೆ ಫೈಲಿನಲ್ಲಿರಬೇಕು. ನಾಳೆ ಗೋಡೌನ್ ತೆಗೆಸಿ ನೋಡ್ತೇನೆ.

ವಕೀಲರು: ನಾಳೆ ಅಲ್ಲ, ಈಗ.