1900 ಲೀಪ್ ವರ್ಷ ಅಂತ ಬರುತ್ತಿದೆ, ಎಲಿಫ್ ಕೆಲಸ ಮಾಡುತ್ತಿಲ್ಲ (ಪೈಥಾನ್)

ಹೊಸ_ಕಲಿಕೆ:
ನಮಸ್ಕಾರ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಶುರು ಮಾಡಿ ಎರಡು ವಾರ ಆಯಿತು. ವರ್ಷ ಕೊಟ್ಟರೆ ಲೀಪ್ ಹೌದೋ ಅಲ್ಲವೋ ಹೇಳುವ ಪ್ರೋಗ್ರಾಂ ಬರೆದಿದ್ದೇನೆ. 2024, 2023 ಸರಿ ಬರುತ್ತವೆ. 1900 ಹಾಕಿದರೆ 'ಲೀಪ್' ಅನ್ನುತ್ತದೆ. 100ರಿಂದ ಭಾಗವಾಗುವ ವರ್ಷ 400ರಿಂದಲೂ ಭಾಗವಾದರೆ ಮಾತ್ರ ಲೀಪ್, ಹಾಗಾಗಿ 'ಅಲ್ಲ' ಬರಬೇಕಿತ್ತು. ಎರರ್ ಏನೂ ಇಲ್ಲ. ಓದಲು ಸುಲಭವಾಗಲಿ ಅಂತ ಕೋಡನ್ನು ಕನ್ನಡದಲ್ಲೇ ಹಾಕಿದ್ದೇನೆ (ಇಫ್ ಅಂದರೆ 'ಇದು ನಿಜವಾದರೆ', ಎಲಿಫ್ ಅಂದರೆ 'ಅದಲ್ಲದೆ ಇದು ನಿಜವಾದರೆ', ಎಲ್ಸ್ ಅಂದರೆ 'ಯಾವುದೂ ಅಲ್ಲದಿದ್ದರೆ', % ಅಂದರೆ ಭಾಗಿಸಿದಾಗ ಉಳಿಯುವ ಶೇಷ):

ಇಫ್ ವರ್ಷ % 4 == 0: ಲೀಪ್
ಎಲಿಫ್ ವರ್ಷ % 100 == 0: ಅಲ್ಲ
ಎಲಿಫ್ ವರ್ಷ % 400 == 0: ಲೀಪ್
ಎಲ್ಸ್: ಅಲ್ಲ

ಕೋಡ್_ಮಿತ್ರ:
ಎಲಿಫ್ ಸರಿಯಾಗೇ ಇದೆ, ಸಾಲುಗಳ ಕ್ರಮ ತಪ್ಪಿದೆ. 1900 ಹಿಡಿದು ಕಾಗದದ ಮೇಲೆ ಒಂದೊಂದೇ ಸಾಲು ನೋಡಿ. 4ರಿಂದ ಭಾಗಿಸಿದರೆ ಶೇಷ 0. ಮೊದಲ ಷರತ್ತೇ ನಿಜ, 'ಲೀಪ್' ಬಂತು. ಒಂದು ಷರತ್ತು ನಿಜವಾದರೆ ಸಾಕು, ಪೈಥಾನ್ ಅದರ ಕೆಳಗಿನ ಎಲಿಫ್, ಎಲ್ಸ್ ಯಾವುದನ್ನೂ ನೋಡುವುದಿಲ್ಲ. 100ರಿಂದ ಭಾಗವಾಗುವ ವರ್ಷ 4ರಿಂದಲೂ ಭಾಗವಾಗಲೇಬೇಕು ಅಲ್ವಾ? ಹಾಗಾಗಿ ನಿಮ್ಮ ಎರಡು ಎಲಿಫ್‌ಗಳೂ ಯಾವತ್ತೂ ನಿಜವಾಗುವುದಿಲ್ಲ.

ಹೊಳೆಗೆ ಅಡ್ಡಲಾಗಿ ಸಣ್ಣ ಕಣ್ಣಿನ ಬಲೆ ಮೊದಲು ಕಟ್ಟಿದರೆ ದೊಡ್ಡ ಮೀನೂ ಅಲ್ಲೇ ಸಿಕ್ಕಿಬೀಳುತ್ತದೆ, ಅದರ ಆಚೆಗಿನ ಬಲೆ ಖಾಲಿ. ದೊಡ್ಡ ಕಣ್ಣಿನದು ಮೊದಲಿರಬೇಕು. ಇಲ್ಲಿ 400 ಮೊದಲು, ಆಮೇಲೆ 100, ಆಮೇಲೆ 4.

ಹೊಸ_ಕಲಿಕೆ:
ನಿಮ್ಮ ಉತ್ತರ ನೋಡುವ ಮೊದಲೇ ಎಲಿಫ್ ತೆಗೆದು ಎಲ್ಲಾ ಕಡೆ ಇಫ್ ಹಾಕಿದ್ದೆ. ಈಗ 2024ಕ್ಕೂ 'ಲೀಪ್', 'ಅಲ್ಲ' ಎರಡೂ ಬರುತ್ತಿವೆ! ಇದು ಯಾಕೆ?

ಕೋಡ್_ಮಿತ್ರ:
ಒಳ್ಳೆ ಪ್ರಶ್ನೆ, ತುಂಬಾ ಜನ ಇಲ್ಲೇ ಎಡವುತ್ತಾರೆ. ಬೇರೆ ಬೇರೆ ಇಫ್ ಅಂದರೆ ಬೇರೆ ಬೇರೆ ಪ್ರಶ್ನೆ. ಒಂದಕ್ಕೆ ಹೌದು ಅಂದರೂ ಮುಂದಿನದನ್ನು ಕೇಳಿಯೇ ಕೇಳುತ್ತದೆ. ಎಲ್ಸ್ ಈಗ ಕೊನೆಯ ಇಫ್‌ಗೆ ಮಾತ್ರ ಸೇರಿದ್ದು. 2024 ಮೊದಲ ಇಫ್‌ನಲ್ಲಿ 'ಲೀಪ್' ಆಯಿತು. 400ರಿಂದ ಭಾಗವಾಗದ ಕಾರಣ ಕೊನೆಯ ಎಲ್ಸ್ 'ಅಲ್ಲ' ಅಂತು. 1900 ಹಾಕಿದರೆ ಮೂರು ಸಾಲು ಬರುತ್ತದೆ, ನೋಡಿ. ಒಂದೇ ಉತ್ತರ ಬೇಕಾದ ಕಡೆ ಎಲಿಫ್ ಬಿಡಬೇಡಿ.

ಕ್ರಮ ಬದಲಿಸಿದ ಮೇಲೆ ಸುಮ್ನೆ ಯಾವುದೋ ವರ್ಷ ಹಾಕುವ ಬದಲು 2000, 1900, 2024, 2023 ಈ ನಾಲ್ಕನ್ನೂ ಹಾಕಿ. ನಾಲ್ಕು ದಾರಿಯಲ್ಲೂ ಒಂದೊಂದು ವರ್ಷ ಹೋಗುತ್ತದೆ.

ಹೊಸ_ಕಲಿಕೆ:
ನಾಲ್ಕೂ ಸರಿ ಬಂತು. 2100 ಕೂಡ ಹಾಕಿದೆ, 'ಅಲ್ಲ' ಅಂತು, 100ರ ಸಾಲಿನಿಂದಲೇ. ತುಂಬಾ ಥ್ಯಾಂಕ್ಸ್!