ಅಪ್‌ಡೇಟ್: ಆ ಸ್ವಿಫ್ಟ್ ಬಿಟ್ಟೆ, ಬೇರೆ ಕಾರು ತಗೊಂಡೆ

ಹೋದ ತಿಂಗಳು ಕೇಳಿದ್ದೆನಲ್ಲ, 2017ರ ಸ್ವಿಫ್ಟ್, ಮೀಟರ್‌ನಲ್ಲಿ 42 ಸಾವಿರ ಕಿಲೋಮೀಟರ್, "ಇವತ್ತೇ ಅಡ್ವಾನ್ಸ್ ಕೊಡಿ, ನಾಳೆ ಗಾಡಿ ಇರಲ್ಲ" ಅನ್ನುವ ಡೀಲರ್, ಕೊಡಲಾ ಅಂತ? ಮೊದಲು ಮೆಕ್ಯಾನಿಕ್ ಕರ್ಕೊಂಡು ಹೋಗಿ ಅಂದಿರಿ. ಹೋದೆ.

ನಮ್ಮ ಮೆಕ್ಯಾನಿಕ್ ಬಾನೆಟ್ ಮುಟ್ಟಲೇ ಇಲ್ಲ. ನೇರವಾಗಿ ಡಿಕ್ಕಿ ತೆಗೆದು ಸ್ಟೆಪ್ನಿ ಎತ್ತಿದರು. ಅಡಿಯಲ್ಲಿ ಒಣಗಿದ ಕೆಸರು. ಆಮೇಲೆ ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆದರು. ಯಾವಾಗಲೂ ಒಳಗೇ ಸುತ್ತಿಕೊಂಡಿರುವ ಭಾಗದಲ್ಲಿ ಕಂದು ಗೆರೆ. "ಸರ್, ಇದು ನೀರಲ್ಲಿ ಈಜಿ ಬಂದ ಗಾಡಿ" ಅಂದರು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು ಕಡೆ ಬೇಸ್‌ಮೆಂಟ್‌ಗಳು ತುಂಬಿದ್ದವಲ್ಲ, ಆಗ ಮುಳುಗಿದ್ದೋ ಏನೋ. ಸರ್ವಿಸ್ ಹಿಸ್ಟರಿ ತೆಗೆಸಿದರೆ 2021ರಲ್ಲೇ 71 ಸಾವಿರ ಓಡಿತ್ತು! ಡೀಲರ್‌ನ ಕೇಳಿದೆ. "ಟೈಪಿಂಗ್ ಮಿಸ್ಟೇಕ್ ಇರಬೇಕು" ಅಂತ ಸುಮ್ನೆ ನಕ್ಕ.

ಕೊನೆಗೆ ಜಯನಗರದ ಆಂಟಿ ಒಬ್ಬರಿಂದ ನೇರವಾಗಿ ವ್ಯಾಗನ್ ಆರ್ ತಗೊಂಡೆ. ಬೆಲೆ ಸ್ವಲ್ಪ ಜಾಸ್ತಿಯೇ ಆಯ್ತು. ಅಲ್ಲೂ ಒಂದು ತೊಡಕು. ಸಾಲ ಯಾವತ್ತೋ ತೀರಿದೆ, ಬಾಕಿ ಇಲ್ಲ ಅನ್ನುವ ಬ್ಯಾಂಕಿನ ಪತ್ರ (ಎನ್‌ಒಸಿ) ಬೀರುವಿನಲ್ಲಿ ಭದ್ರವಾಗಿದೆ, ಆದರೆ ಆರ್‌ಸಿಯಿಂದ ಬ್ಯಾಂಕ್ ಹೆಸರು ತೆಗೆಸುವ ಫಾರಂ 35 ಹಾಕಿಯೇ ಇಲ್ಲ. ಹಾಗಾಗಿ ಆ ಹೆಸರು ಹಾಗೇ ಇತ್ತು. ಅದನ್ನು ತೆಗೆಸಿದ ಮೇಲೇ ಬಾಕಿ ದುಡ್ಡು ಕೊಟ್ಟೆ. ಆಂಟಿಗೆ ಕೊಂಚ ಬೇಜಾರಾಯ್ತು, ಪರವಾಗಿಲ್ಲ. ಎರಡು ನೋ ಪಾರ್ಕಿಂಗ್ ಫೈನ್ ಬಾಕಿ ಇತ್ತು, ಅದನ್ನು ಅವರೇ ಕಟ್ಟಿದರು.

ಗಾಡಿ ನನ್ನ ಹೆಸರಿಗೆ ಮಾಡಿಸುವ ಫಾರಂ 29, 30 ಆರ್‌ಟಿಓಗೆ ಕೊಟ್ಟಾಯ್ತು. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನದೊಳಗೇ ಅರ್ಜಿ ಹಾಕಿದೆ. ಹೊಸ ಆರ್‌ಸಿ ಕಾರ್ಡ್ ಇನ್ನೂ ಅಂಚೆಯಲ್ಲಿ ಬರಬೇಕು.