ಪೆಡಲ್‌ನಿಂದ ಕಾಲು ತೆಗೆದ ಮೇಲೂ ಪ್ರೆಸ್ ಬಿದ್ದದ್ದು ಹೇಗೆ? (ಪ್ರಶ್ನೋತ್ತರ)

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ತಮ್ಮ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಪವರ್ ಪ್ರೆಸ್ (ತಗಡನ್ನು ಒತ್ತಿ ಕತ್ತರಿಸುವ ಯಂತ್ರ) ಆಪರೇಟರ್. ಕಳೆದ ತಿಂಗಳು ಅವನ ಬಲಗೈಯ ತೋರುಬೆರಳು, ನಡುಬೆರಳು ಎರಡೂ ಬುಡಸಮೇತ ಹೋದವು. ಪೆಡಲ್‌ನಿಂದ ಕಾಲು ತೆಗೆದಿದ್ದೆ, ಆದರೂ ಪ್ರೆಸ್ ಮತ್ತೊಮ್ಮೆ ಬಿತ್ತು ಎನ್ನುತ್ತಾನೆ. ಮಾಲೀಕರು ‘ಮೊಬೈಲ್ ನೋಡುತ್ತಿದ್ದ, ಅವನದೇ ಅಜಾಗರೂಕತೆ’ ಎನ್ನುತ್ತಾರೆ. ಯಂತ್ರ ತಾನಾಗಿಯೇ ಬೀಳುವುದುಂಟೇ?

ಉತ್ತರ (ಕಾರ್ಖಾನೆ ಸುರಕ್ಷತಾ ಎಂಜಿನಿಯರ್): ಉಂಟು. ನಿಮ್ಮ ತಮ್ಮನ ಮಾತು ಸುಳ್ಳೆನ್ನುವ ಮುನ್ನ ಆ ಪ್ರೆಸ್‌ನ ಕ್ಲಚ್ ಬಿಚ್ಚಿ ನೋಡಬೇಕು.

ಸಣ್ಣ ಘಟಕಗಳ ಹಳೆಯ ಪ್ರೆಸ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಪಿನ್ ಕ್ಲಚ್ ಅಥವಾ ಕೀ ಕ್ಲಚ್. ಮೋಟಾರು ಭಾರವಾದ ಫ್ಲೈವೀಲನ್ನು ಸದಾ ತಿರುಗಿಸುತ್ತಿರುತ್ತದೆ. ಪೆಡಲ್ ಒತ್ತಿದಾಗ ಕೀ ಹೊರಳಿ ಆ ಚಕ್ರವನ್ನು ಕ್ರ್ಯಾಂಕ್ ಶಾಫ್ಟಿಗೆ ಕಚ್ಚಿಸುತ್ತದೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ಕೀ ಬಿಡಿಸಿಕೊಂಡು ಮೇಲಿನಿಂದ ಬಂದು ತಗಡನ್ನು ಒತ್ತುವ ಭಾಗವಾದ ಪಂಚ್ ಮೇಲೆಯೇ ನಿಲ್ಲಬೇಕು. ಅದನ್ನು ಬಿಡಿಸುವುದು ಬೆರಳುದ್ದದ ಒಂದು ಸ್ಪ್ರಿಂಗ್ ಮತ್ತು ಒಂದು ಲಾಚ್. ಸ್ಪ್ರಿಂಗ್ ಸೋತಿದ್ದರೆ, ಕೀಯ ಅಂಚು ಸವೆದು ದುಂಡಗಾಗಿದ್ದರೆ ಅಥವಾ ಬ್ರೇಕ್ ಪಟ್ಟಿಗೆ ಎಣ್ಣೆ ಹತ್ತಿದ್ದರೆ ಪಂಚ್ ಮೇಲೆ ನಿಲ್ಲುವುದಿಲ್ಲ, ಇನ್ನೊಂದು ಸುತ್ತು ಇಳಿದುಬರುತ್ತದೆ. ‘ಡಬಲ್ ಬಿತ್ತು’ ಎಂದು ಕಾರ್ಮಿಕರು ಹೇಳುವುದು ಇದನ್ನೇ. ಅಪಘಾತಕ್ಕೆ ಮುನ್ನ ಹಾಗೆ ಯಾವಾಗಲಾದರೂ ಬಿದ್ದಿತ್ತೇ, ಯಾರಿಗೆ ತಿಳಿಸಿದ್ದರು ಎಂದು ಅವನ ಜೊತೆಗಾರರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಇಂಥ ಪ್ರೆಸ್ ಮುನ್ಸೂಚನೆ ಕೊಡದೆ ಕೆಡುವುದು ಕಡಿಮೆ.

ಇನ್ನು ಮೊಬೈಲ್ ವಿಚಾರ. ಎಡಗೈಯಲ್ಲಿ ಹೊಸ ತಗಡು, ಬಲಗೈ ಡೈ (ಪಂಚ್ ಕೆಳಗಿನ ಅಚ್ಚು) ಒಳಗೆ, ಕಾಲು ಪೆಡಲ್ ಮೇಲೆ. ಒಂದು ಪಾಳಿಯಲ್ಲಿ ಇದೇ ಕ್ರಮ ಸಾವಿರಾರು ಸಲ ನಡೆಯುತ್ತದೆ. ಅಷ್ಟು ಸಲದಲ್ಲಿ ಕೈಕಾಲಿನ ತಾಳ ಒಮ್ಮೆಯೂ ತಪ್ಪಕೂಡದು ಎಂದು ನಂಬಿ ಕೆಲಸ ನಡೆಸುವುದನ್ನು ನಾನು ಜೂಜು ಎನ್ನುತ್ತೇನೆ. ಅವನು ಎತ್ತ ನೋಡುತ್ತಿದ್ದ ಎನ್ನುವುದು ಆಮೇಲಿನ ಮಾತು. ಪಂಚ್ ಕೆಳಗೆ ಕೈ ಹೋಗುವಷ್ಟು ಜಾಗ ತೆರೆದೇ ಇದ್ದುದೇಕೆ? ಯಂತ್ರದ ಅಪಾಯಕಾರಿ ಭಾಗಕ್ಕೆ ಭದ್ರವಾದ ತಡೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮೇ ಹೇಳಿತ್ತು. ಎಷ್ಟೋ ಕಡೆ ಈ ತಡೆ, ಅಂದರೆ ಗಾರ್ಡ್, ಇರುತ್ತದೆ, ಆದರೆ ಯಂತ್ರದ ಹಿಂದೆ ಗೋಡೆಗೆ ಒರಗಿರುತ್ತದೆ. ಡೈ ಬದಲಿಸಲು ಬಿಚ್ಚಿದವರು ಮತ್ತೆ ಕೂರಿಸಿರುವುದಿಲ್ಲ. ಕೂರಿಸಿದರೆ ಪೀಸುಗಳ ಲೆಕ್ಕ ಕಡಿಮೆಯಾಗುತ್ತದಲ್ಲ!

ಸದಸ್ಯರೊಬ್ಬರ ಪ್ರಶ್ನೆ: ಮೇಡಂ, ಬೊಮ್ಮಸಂದ್ರದಲ್ಲಿ ನನ್ನದೊಂದು ಸಣ್ಣ ಘಟಕವಿದೆ. ನಮ್ಮಿಂದ ಮಾಲು ಕೊಳ್ಳುವ ಕಂಪನಿಯವರು ಎಲ್ಲ ಪ್ರೆಸ್‌ಗಳಿಗೂ ಲೈಟ್ ಕರ್ಟನ್ (ಬೆಳಕಿನ ಪರದೆ) ಹಾಕಿಸಿ ಎನ್ನುತ್ತಿದ್ದಾರೆ. ಹಳೆಯ ಪಿನ್ ಕ್ಲಚ್ ಪ್ರೆಸ್‌ಗಳಿಗೂ ಹಾಕಿಸಲೇ?

ಉತ್ತರ: ಬೇಡ. ದುಡ್ಡೂ ದಂಡ, ಸುಳ್ಳು ಧೈರ್ಯವೂ ಬರುತ್ತದೆ. ಬೆಳಕಿನ ಪರದೆಗೆ ಕೈ ಅಡ್ಡ ಬಂದರೆ ಅದು ‘ನಿಲ್ಲು’ ಎಂದು ಸಂಕೇತ ಕಳಿಸುತ್ತದೆ, ಅಷ್ಟೇ. ನಿಲ್ಲಬೇಕಾದದ್ದು ಯಂತ್ರ. ಪಿನ್ ಕ್ಲಚ್ ಒಮ್ಮೆ ಕಚ್ಚಿತೆಂದರೆ ಸುತ್ತು ಪೂರ್ತಿಯಾಗುವ ತನಕ ಅದನ್ನು ನಡುವೆ ನಿಲ್ಲಿಸುವ ದಾರಿಯೇ ಇಲ್ಲ. ಗಾಳಿಯ ಒತ್ತಡದಿಂದ ನಡೆಯುವ ಫ್ರಿಕ್ಷನ್ ಕ್ಲಚ್ ಇದ್ದರೆ ಅಥವಾ ಪ್ರೆಸ್ ಹೈಡ್ರಾಲಿಕ್ ಆಗಿದ್ದರೆ ಮಾತು ಬೇರೆ. ಅಲ್ಲಿಯೂ ಪರದೆಯಿಂದ ಪಂಚಿಗೆ ಎಷ್ಟು ದೂರವಿರಬೇಕೆಂಬುದನ್ನು ಯಂತ್ರ ನಿಲ್ಲಲು ಹಿಡಿಯುವ ಸಮಯ ಅಳೆದು ನಿಗದಿ ಮಾಡಬೇಕು.

ನಿಮ್ಮ ಹಳೆಯ ಪ್ರೆಸ್‌ಗಳಿಗೆ ಡೈ ಸುತ್ತ ಬೋಲ್ಟ್ ಹಾಕಿ ಕೂರಿಸುವ ಗಾರ್ಡ್ ಮಾಡಿಸಿ. ತಗಡಿನ ಪಟ್ಟಿ ಒಳಹೋಗುವಷ್ಟೇ ಸೀಳು ಬಿಡಿ. ಸೀಳು 6 ಮಿಲಿಮೀಟರ್ ಮೀರದಿದ್ದರೆ ಬೆರಳು ಹೋಗುವುದಿಲ್ಲ. ಬಿಡಿ ಪೀಸುಗಳಾದರೆ ಜಾರುವ ಚ್ಯೂಟ್‌ನಲ್ಲಿ ಒಳಗೆ ಕಳಿಸಿ, ಗಾಳಿ ಊದಿ ಹೊರಗೆ ಹಾರಿಸಿ. ಇಕ್ಕಳ, ಅಯಸ್ಕಾಂತದ ಕೋಲುಗಳೂ ಬೇಕು, ಆದರೆ ಅವು ಗಾರ್ಡ್‌ಗೆ ಬದಲಿಯಲ್ಲ.

ಮತ್ತೊಬ್ಬ ಸದಸ್ಯರು: ನಮ್ಮಲ್ಲಿ ಹೈಡ್ರಾಲಿಕ್ ಪ್ರೆಸ್‌ಗೆ ಎರಡು ಕೈಗಳ ಗುಂಡಿ ಇದೆ. ಒಂದಕ್ಕೆ ಟೇಪ್ ಸುತ್ತಿ ಒತ್ತಿಟ್ಟು ಒಂದೇ ಕೈಯಲ್ಲಿ ಓಡಿಸುತ್ತಾರೆ. ಸೂಪರ್‌ವೈಸರ್‌ಗೂ ಗೊತ್ತು.

ಉತ್ತರ: ಹಾಗಾದರೆ ಅದರ ಕಂಟ್ರೋಲ್ ವೈರಿಂಗೇ ಸರಿಯಿಲ್ಲ. ಎರಡೂ ಗುಂಡಿಗಳನ್ನು ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಒತ್ತಬೇಕು, ಪ್ರತಿ ಸುತ್ತಿನ ನಂತರ ಎರಡನ್ನೂ ಬಿಡಬೇಕು, ಇಲ್ಲವಾದರೆ ಪ್ರೆಸ್ ಇಳಿಯಲೇಬಾರದು. ಹಾಗೆ ಜೋಡಿಸಿದ್ದಲ್ಲಿ ಟೇಪ್ ಸುತ್ತಿ ಪ್ರಯೋಜನವಿಲ್ಲ. ಟೇಪ್ ಕಿತ್ತರೆ ನಾಳೆ ಇನ್ನೊಂದು ಸುತ್ತುತ್ತಾರೆ, ಗುಂಡಿಗಳನ್ನು ನಿಯಂತ್ರಿಸುವ ರಿಲೇ ಬದಲಿಸಲು ಹೇಳಿ.

ಮೊದಲು ಕೇಳಿದವರು: ಮೇಡಂ, ಅವನಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡ್ ಮಾಡಿಸಿದ್ದು ಅಪಘಾತವಾದ ಮಧ್ಯಾಹ್ನವಂತೆ. ಸಂಬಳ 15,000 ರೂಪಾಯಿ. ಏನಾದರೂ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ. ಕೆಲಸದ ವೇಳೆ ಆದ ಗಾಯಕ್ಕೆ ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ, ಮೊದಲ ದಿನವೇ ಹಕ್ಕು ಬರುತ್ತದೆ. ಅವನು ಸೇರಿದ ನಿಜವಾದ ದಿನಾಂಕ ಕಾಗದದಲ್ಲಿ ಇರಲಿ. ಹಾಜರಿ ಚೀಟಿ, ಬ್ಯಾಂಕಿಗೆ ಬಂದ ಸಂಬಳ, ಸಹೋದ್ಯೋಗಿಗಳಿಗೆ ಕಳಿಸಿದ ಮೊಬೈಲ್ ಸಂದೇಶ ಎಲ್ಲವೂ ಪುರಾವೆಯೇ. ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿ ನಮೂದಾಗಿದೆಯೇ, ಇಎಸ್‌ಐಗೆ ಅಪಘಾತ ವರದಿ ಹೋಗಿದೆಯೇ ಎಂದು ಶಾಖಾ ಕಚೇರಿಯಲ್ಲಿ ವಿಚಾರಿಸಿ. ‘ಅಜಾಗರೂಕತೆ’ ಎಂಬ ಮಾತಿಗೆ ಇಲ್ಲಿ ಹೆದರಬೇಡಿ. ಮಾಲೀಕರ ಕೆಲಸಕ್ಕಾಗಿಯೇ ಮಾಡುತ್ತಿದ್ದಾಗ ನಿಯಮ ಮೀರಿದ್ದರೂ ಅದು ಉದ್ಯೋಗದ ಗಾಯವೇ.

ರಜೆಯ ಅವಧಿಗೆ ಸರಾಸರಿ ದಿನಗೂಲಿಯ 90 ಶೇಕಡಾ ಬರಬೇಕು, ಅಂದರೆ ದಿನಕ್ಕೆ ಅಂದಾಜು 450 ರೂಪಾಯಿ. ಬಳಿಕ ವೈದ್ಯಕೀಯ ಮಂಡಳಿ ಅಂಗನಷ್ಟ ಅಳೆಯುತ್ತದೆ. ಒಂದು ಕೈಯ ಎರಡು ಬೆರಳಿಗೆ ಕಾನೂನಿನ ಅನುಸೂಚಿಯಲ್ಲಿರುವುದು 20 ಶೇಕಡಾ. ಹಾಗಾಗಿ ಆ 450ರಲ್ಲಿ ದಿನಕ್ಕೆ ಸುಮಾರು 90 ರೂಪಾಯಿ, ತಿಂಗಳಿಗೆ 2,700ರಷ್ಟು, ಜೀವನಪೂರ್ತಿ. ಎರಡು ಬೆರಳಿಗೆ ಇದು ತೀರಾ ಸಣ್ಣ ಮೊತ್ತವೆಂದೇ ನನ್ನ ಅಭಿಪ್ರಾಯ. ಹಾಗೆಂದು ಬಿಡಬೇಡಿ. ಮಂಡಳಿ ಕಡಿಮೆ ಬರೆದರೆ ಮೇಲ್ಮನವಿಗೆ ಅವಕಾಶವಿದೆ.

ಇನ್ನೊಬ್ಬರು: ತುಂಡಾದ ಬೆರಳನ್ನು ಐಸ್‌ನಲ್ಲಿ ಹಾಕಿಕೊಂಡು ಓಡಬೇಕೇ?

ಉತ್ತರ: ನೇರವಾಗಿ ಐಸ್‌ಗೆ ಹಾಕಬೇಡಿ, ಮಾಂಸ ಹೆಪ್ಪುಗಟ್ಟಿ ಕೆಡುತ್ತದೆ. ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರು ನುಗ್ಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ಹಾಕಿದ ನೀರಿನಲ್ಲಿಡಿ. ಗಾಯದ ಮೇಲೆ ಬಟ್ಟೆ ಒತ್ತಿಹಿಡಿದು ಕೈ ಮೇಲೆತ್ತಿಸಿ. ಹೊರಡುವಾಗಲೇ ಆಸ್ಪತ್ರೆಗೆ ಫೋನ್ ಮಾಡಿ, ಬೆರಳು ಮರುಜೋಡಿಸುವ ಶಸ್ತ್ರಚಿಕಿತ್ಸಕರು ಇದ್ದಾರೆಯೇ ಎಂದು ಕೇಳಿ. ಪ್ರೆಸ್‌ನಲ್ಲಿ ಜಜ್ಜಿಹೋದ ಬೆರಳು ಅನೇಕ ಸಲ ಕೂಡುವುದಿಲ್ಲ, ಆದರೂ ಜೊತೆಗೆ ಒಯ್ಯಿರಿ, ತೀರ್ಮಾನ ವೈದ್ಯರು ಮಾಡಲಿ.